ಸಂಬಂಧದಲ್ಲೇ ಮದುವೆ, ಈಗ ಮಗು ಬೇಕು: ಯಾವ ಜೆನೆಟಿಕ್ ಟೆಸ್ಟ್ ಮಾಡಿಸೋಣ?

"ಸೋದರಮಾವನನ್ನೇ ಮದುವೆಯಾಗಿದ್ದೇನೆ. ಈಗ ಮಗು ಬೇಕು ಅಂತಿದ್ದೇವೆ. ಡಾಕ್ಟರು ಸ್ಕ್ಯಾನ್ ಸಾಕು ಅಂದರು. ಲ್ಯಾಬಿನವರು 25 ಸಾವಿರದ ಪ್ಯಾಕೇಜ್ ಹೇಳಿದರು. ನಾದಿನಿ ಎನ್‌ಐಪಿಟಿ ಅನ್ನೋ ರಕ್ತದ ಟೆಸ್ಟ್ ಮಾಡಿಸು ಅಂತಾಳೆ. ಯಾರ ಮಾತು ಕೇಳಲಿ?"

ಈ ಧಾಟಿಯ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಬರುವುದು ಸಹಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಅತ್ತೆ ಮಗ, ಮಾವನ ಮಗಳು, ಅಕ್ಕನ ಮಗಳು, ಇವೆಲ್ಲ ನಮಗೆ ಹೊಸದಲ್ಲ. ಮದುವೆ ಆಗಿದೆ, ಸಂಸಾರ ನಡೆಯುತ್ತಿದೆ. ಈಗ ಯಾಕೆ ಆದಿರಿ ಎಂದು ಬೈಯುವುದರಿಂದ ಯಾರಿಗೂ ಲಾಭವಿಲ್ಲ. ಇರುವ ದುಡ್ಡಿನಲ್ಲಿ, ಇರುವ ಸಮಯದಲ್ಲಿ ಯಾವ ಟೆಸ್ಟ್ ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಇಲ್ಲಿಯ ಮಾತು.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದುಬಾರಿ ಟೆಸ್ಟ್ ಎಂದರೆ ಒಳ್ಳೆಯ ಟೆಸ್ಟ್ ಅಲ್ಲ. ನಿಮ್ಮ ಮನೆಯ ಪ್ರಶ್ನೆ ಯಾವುದು ಎಂದು ಗೊತ್ತಿಲ್ಲದೆ ಮಾಡಿಸಿದ 40 ಸಾವಿರದ ಟೆಸ್ಟಿಗಿಂತ, ಪ್ರಶ್ನೆ ಗೊತ್ತಿದ್ದು ಮಾಡಿಸಿದ 4 ಸಾವಿರದ ಟೆಸ್ಟ್ ಎಷ್ಟೋ ಮೇಲು.

ಅಪಾಯ ನಿಜಕ್ಕೂ ಎಷ್ಟು?

ನಮ್ಮ ಬಹುತೇಕ ಜೀನ್‌ಗಳು ಎರಡೆರಡು ಪ್ರತಿ ಇರುತ್ತವೆ. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಹಾಗಾಗಿ ನಮ್ಮೆಲ್ಲರ ಒಳಗೂ ಕೆಟ್ಟ ಪ್ರತಿಗಳು ಒಂದಷ್ಟು ಸುಮ್ಮನೆ ಕುಳಿತಿರುತ್ತವೆ, ನಮಗೆ ಗೊತ್ತೇ ಇರುವುದಿಲ್ಲ. ಇಂಥವರನ್ನು ಕ್ಯಾರಿಯರ್ ಅನ್ನುತ್ತಾರೆ. ಕ್ಯಾರಿಯರ್ ಆಗಿರುವುದು ಕಾಯಿಲೆ ಅಲ್ಲ. ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೂ ಒಂದೇ ಜೀನ್‌ನ ಕ್ಯಾರಿಯರ್ ಆದಾಗ ಮಾತ್ರ ತೊಂದರೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಮೊದಲ ಮಗುವಿಗೆ ಬಂತು, ಇನ್ನು ಮೂರು ಮಕ್ಕಳು ಸೇಫ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಸಲವೂ ಹೊಸ ಶೇ. 25.

ಅತ್ತೆ–ಮಾವನ ಮಕ್ಕಳು ಮದುವೆಯಾದರೆ ಅವರ ಜೀನ್‌ಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಒಂದೇ ಅಜ್ಜ–ಅಜ್ಜಿಯಿಂದ ಬಂದಿರುತ್ತದೆ. ಸೋದರಮಾವ–ಅಕ್ಕನ ಮಗಳು ಆದರೆ ನಾಲ್ಕರಲ್ಲಿ ಒಂದು ಪಾಲು. ಅಜ್ಜನಲ್ಲಿ ಕೂತಿದ್ದ ಕೆಟ್ಟ ಪ್ರತಿ ಎರಡು ದಾರಿಯಿಂದ ಬಂದು ಒಂದೇ ಮಗುವಿನಲ್ಲಿ ಸೇರುವ ಅವಕಾಶ ಹೀಗೆ ಹೆಚ್ಚುತ್ತದೆ.

ಆದರೆ ಸಂಖ್ಯೆಯನ್ನೂ ನೋಡಿ. ಸಂಬಂಧವೇ ಇಲ್ಲದ ಜೋಡಿಗಳಲ್ಲೂ ಗಂಭೀರ ಹುಟ್ಟುದೋಷದ ಅಪಾಯ ಶೇ. 2–3 ಇದ್ದೇ ಇದೆ. ಅತ್ತೆ–ಮಾವನ ಮಕ್ಕಳ ಜೋಡಿಗೆ ಅದರ ಮೇಲೆ ಇನ್ನೊಂದು ಶೇ. 2–3 ಸೇರುತ್ತದೆ. ಅಂದರೆ ನೂರರಲ್ಲಿ 94–95 ಮಕ್ಕಳಿಗೆ ಇಂಥ ತೊಂದರೆ ಇರುವುದಿಲ್ಲ. ಸೋದರಮಾವನ ಸಂಬಂಧದಲ್ಲಿ ಅಪಾಯ ಇನ್ನೂ ಸ್ವಲ್ಪ ಜಾಸ್ತಿ. ತಲೆಮಾರುಗಳಿಂದ ಒಳಗೊಳಗೇ ಮದುವೆ ನಡೆದುಬಂದ ಮನೆತನಗಳಲ್ಲಿ ಅದಕ್ಕಿಂತಲೂ ಜಾಸ್ತಿ. ಹೆದರಿ ಮಗುವೇ ಬೇಡ ಅನ್ನುವಂಥದ್ದಲ್ಲ, ಏನೂ ಆಗಲ್ಲ ಬಿಡಿ ಅನ್ನುವಂಥದ್ದೂ ಅಲ್ಲ.

ಆರಿಸುವ ಮುಂಚೆ ಇಷ್ಟು ಕೇಳಿಕೊಳ್ಳಿ

ಒಂದು, ಎರಡೂ ಕಡೆಯ ಕುಟುಂಬದಲ್ಲಿ ಈಗಾಗಲೇ ಕಾಯಿಲೆ ಕಂಡ ಮಗು ಇದೆಯೇ, ಅಥವಾ ಇತ್ತೇ? ಇದೇ ದೊಡ್ಡ ಪ್ರಶ್ನೆ. ಇದರ ಉತ್ತರದ ಮೇಲೆ ದಾರಿಯೇ ಬದಲಾಗುತ್ತದೆ.

ಎರಡು, ಸಮಯ. ಇನ್ನೂ ಬಸಿರಾಗಿಲ್ಲ ಎಂದರೆ ಎಲ್ಲ ದಾರಿಯೂ ತೆರೆದಿದೆ. ಈಗಾಗಲೇ 14 ವಾರ ಆಗಿದ್ದರೆ ರಿಪೋರ್ಟಿಗೆ ಎಷ್ಟು ದಿನ ಬೇಕು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೂರು, ರಿಪೋರ್ಟ್ ಬಂದ ಮೇಲೆ ಏನು ಮಾಡುತ್ತೀರಿ? ಕಾಯಿಲೆ ಇದೆ ಎಂದು ಗೊತ್ತಾದರೆ ಬಸಿರು ಮುಂದುವರಿಸುತ್ತೀರಾ, ಇಲ್ಲವಾ? ಇದು ನಿಮ್ಮಿಬ್ಬರ ನಿರ್ಧಾರ. ಅತ್ತೆಯದಲ್ಲ, ಡಾಕ್ಟರದ್ದೂ ಅಲ್ಲ. ಏನೇ ಆದರೂ ಮುಂದುವರಿಸುತ್ತೇವೆ ಅನ್ನುವವರಿಗೂ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. ಎಲ್ಲಿ ಹೆರಿಗೆ, ಹುಟ್ಟಿದ ದಿನವೇ ಯಾವ ಚಿಕಿತ್ಸೆ ಎಂದು ತಯಾರಾಗಬಹುದು. ಆದರೆ ಆಗ ಆರಿಸಬೇಕಾದ ಟೆಸ್ಟೇ ಬೇರೆ.

ನಾಲ್ಕನೆಯದು ದುಡ್ಡು. ಐದನೆಯದು, ಆ ಟೆಸ್ಟ್ ಏನನ್ನು ಬಿಟ್ಟುಬಿಡುತ್ತದೆ. ಈ ಐದನೆಯದನ್ನು ಲ್ಯಾಬಿನ ಜಾಹೀರಾತು ಹೇಳುವುದಿಲ್ಲ, ನಾವೇ ಕೇಳಬೇಕು.

ಕೆಳಗಿನ ದರಗಳು ಖಾಸಗಿ ಲ್ಯಾಬ್‌ಗಳ ಅಂದಾಜು. ಊರಿಂದ ಊರಿಗೆ, ಲ್ಯಾಬಿಂದ ಲ್ಯಾಬಿಗೆ ಹೆಚ್ಚು ಕಮ್ಮಿ ಆಗುತ್ತದೆ.

ಕುಟುಂಬದ ನಕ್ಷೆ

ಮೂರು ತಲೆಮಾರಿನ ನಕ್ಷೆ ಬರೆಯುವುದು ಇವೆಲ್ಲದರಲ್ಲಿ ಅಗ್ಗದ್ದು. ಜೆನೆಟಿಕ್ ಡಾಕ್ಟರ ಸಮಾಲೋಚನೆಗೆ ಖಾಸಗಿಯಲ್ಲಿ ಸಾವಿರದ ಆಸುಪಾಸು ಆಗಬಹುದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಅದರ ಜೊತೆ ಕೆಲಸ ಮಾಡುವ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜು, ಇಲ್ಲೆಲ್ಲ ಇದಕ್ಕೇ ತರಬೇತಾದವರು ಇದ್ದಾರೆ.

ಹೋಗುವ ಮುಂಚೆ ಮನೆಯಲ್ಲಿ ವಿಚಾರಿಸಿ. ಹುಟ್ಟಿದ ಕೆಲವೇ ದಿನ ಅಥವಾ ತಿಂಗಳಲ್ಲಿ ತೀರಿಕೊಂಡ ಮಕ್ಕಳು ಇದ್ದಾರಾ? ಪದೇ ಪದೇ ಬಸಿರು ನಿಲ್ಲದೆ ಹೋದವರು? ಕಿವಿ ಕೇಳದವರು, ಫಿಟ್ಸ್ ಬರುತ್ತಿದ್ದವರು, ನಡೆಯುತ್ತಿದ್ದ ಮಗು ಆಮೇಲೆ ನಡೆಯುವುದನ್ನೇ ನಿಲ್ಲಿಸಿದ್ದು, ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಿದ್ದವರು? ಇಂಥದ್ದನ್ನು ನಮ್ಮವರು ಅಷ್ಟು ಸುಲಭಕ್ಕೆ ಹೇಳುವುದಿಲ್ಲ. "ಜ್ವರ ಬಂದು ಹೋಯ್ತು", "ದೃಷ್ಟಿ ಆಗಿತ್ತು" ಅನ್ನುತ್ತಾರೆ. ಅಪ್ಪ–ಅಮ್ಮನಿಗಿಂತ ಅಜ್ಜಿಯರನ್ನು, ಊರಲ್ಲೇ ಉಳಿದ ದೊಡ್ಡಮ್ಮಂದಿರನ್ನು ಕೇಳಿದರೆ ಜಾಸ್ತಿ ಸಿಗುತ್ತದೆ.

ಇನ್ನೊಂದು ಉಪಯೋಗವೂ ಇದೆ. ವಂಶದಲ್ಲಿ ಬರುವ ಕಾಯಿಲೆ ಎಲ್ಲವೂ ಸಂಬಂಧದ ಮದುವೆಯಿಂದ ಬಂದದ್ದಲ್ಲ ಎಂದು ನಕ್ಷೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟದ ಕೀಲು, ಮಂಡಿಗಳನ್ನು ಹಾಳುಮಾಡುವ ಕಾಯಿಲೆ ಅದು. ಅಪ್ಪ ಅಥವಾ ಅಮ್ಮ ಒಬ್ಬರಲ್ಲಿದ್ದರೂ ಸಾಕು, ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೊರಗಿನಿಂದ ಹೆಣ್ಣು ತಂದರೂ ಲೆಕ್ಕ ಬದಲಾಗುವುದಿಲ್ಲ.

ನಕ್ಷೆ ಬಿಟ್ಟುಬಿಡುವುದು ಏನನ್ನು? ಯಾರಲ್ಲೂ ಕಾಣಿಸಿಕೊಳ್ಳದೆ ಅಡಗಿರುವುದನ್ನು. ಚಿಕ್ಕ ಕುಟುಂಬಗಳಲ್ಲಿ, ಒಂದೋ ಎರಡೋ ಮಕ್ಕಳಿರುವ ಕಡೆ, ನಕ್ಷೆ ಸ್ವಚ್ಛವಾಗಿದ್ದರೂ ಪೂರ್ತಿ ನಂಬುವಂತಿಲ್ಲ.

ಎಚ್‌ಪಿಎಲ್‌ಸಿ: ಯಾರೂ ಬಿಡಬಾರದ ಟೆಸ್ಟ್

ಸಂಬಂಧ ಇರಲಿ ಬಿಡಲಿ, ಇದನ್ನು ಮಾಡಿಸಿ. ಬೀಟಾ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳ ಕ್ಯಾರಿಯರ್ ಹೌದೋ ಅಲ್ಲವೋ ಎಂದು ಒಂದು ಟ್ಯೂಬ್ ರಕ್ತದಲ್ಲಿ ಹೇಳುತ್ತದೆ. ದರ ಹೆಚ್ಚೆಂದರೆ ಒಂದೂವರೆ ಸಾವಿರ, ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಭಾರತದಲ್ಲಿ ನೂರರಲ್ಲಿ ಮೂರು ನಾಲ್ಕು ಜನ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್‌ಗಳು. ಸಿಂಧಿ, ಪಂಜಾಬಿ, ಗುಜರಾತಿ, ಬಂಗಾಳಿ ಮೂಲದವರಲ್ಲಿ ಜಾಸ್ತಿ. ಸಿಕಲ್ ಸೆಲ್ ನಮ್ಮಲ್ಲಿ ಸೋಲಿಗರು, ಜೇನುಕುರುಬರಂಥ ಕಾಡಂಚಿನ ಸಮುದಾಯಗಳಲ್ಲಿ ಕಂಡುಬರುತ್ತದೆ. 2023ರಲ್ಲಿ ಶುರುವಾದ ಕೇಂದ್ರದ ಸಿಕಲ್ ಸೆಲ್ ಯೋಜನೆಯಲ್ಲಿ ಬುಡಕಟ್ಟು ಪ್ರದೇಶಗಳಲ್ಲಿ ಇದರ ತಪಾಸಣೆ ಉಚಿತ.

ಇಬ್ಬರೂ ಥಲಸ್ಸೀಮಿಯಾ ಕ್ಯಾರಿಯರ್ ಆಗಿ, ಮಗುವಿಗೆ ಕಾಯಿಲೆ ಬಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಜೀವನಪೂರ್ತಿ. ಸಾವಿರ ರೂಪಾಯಿ ಉಳಿಸಲು ಹೋಗಿ ತೆಗೆದುಕೊಳ್ಳುವ ರಿಸ್ಕ್ ಅಲ್ಲ ಇದು.

ಎರಡು ಎಚ್ಚರಿಕೆ. ರಕ್ತದಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ ಇದ್ದರೆ ಈ ಟೆಸ್ಟ್ ಅಳೆಯುವ ಎಚ್‌ಬಿ ಎ2 ಎಂಬ ಹಿಮೋಗ್ಲೋಬಿನ್‌ನ ಪ್ರಮಾಣ ಕೆಳಗಿಳಿದು ಕ್ಯಾರಿಯರ್ ಆದವರೂ ನಾರ್ಮಲ್ ಎಂದು ಕಾಣಬಹುದು. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೂ ರಿಪೋರ್ಟ್ ದಾರಿ ತಪ್ಪಿಸುತ್ತದೆ. ಹಾಗಾಗಿ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟನ್ನೂ ಜೊತೆಗಿಟ್ಟು ಓದಿಸಿ. ಇನ್ನೂ ಬಸಿರಾಗಿಲ್ಲದಿದ್ದರೆ ಮೊದಲು ಒಬ್ಬರಿಗೆ ಮಾಡಿಸಿ, ಕ್ಯಾರಿಯರ್ ಅಂದರೆ ಮಾತ್ರ ಇನ್ನೊಬ್ಬರಿಗೆ. ಬಸಿರಾಗಿದ್ದರೆ ಕಾಯಬೇಡಿ, ಇಬ್ಬರಿಗೂ ಒಂದೇ ದಿನ.

ಮನೆಯಲ್ಲಿ ಕಾಯಿಲೆಯ ಮಗು ಇದ್ದರೆ: ಮೊದಲು ಆ ಮಗುವಿಗೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ದುಡ್ಡು ಪೋಲಾಗುವುದು ಇಲ್ಲೇ.

ನಿಮ್ಮ ಮೊದಲ ಮಗುವಿಗೋ ಅಕ್ಕನ ಮಗುವಿಗೋ ಏನೋ ಕಾಯಿಲೆ ಇದೆ, ಹೆಸರು ಗೊತ್ತಿಲ್ಲ ಎಂದುಕೊಳ್ಳಿ. ಗಂಡ–ಹೆಂಡತಿ ಆರೋಗ್ಯವಾಗಿದ್ದಾರೆ. ಅವರಿಬ್ಬರಿಗೆ ಟೆಸ್ಟ್ ಮಾಡಿದರೆ ಎಲ್ಲಿ ಹುಡುಕುವುದು? ನಮ್ಮಲ್ಲಿ ಸುಮಾರು 20 ಸಾವಿರ ಜೀನ್‌ಗಳಿವೆ. ಕಾಯಿಲೆ ಇರುವ ಮಗುವಿನ ರಕ್ತದಲ್ಲಿ ಹುಡುಕಿದರೆ ಸುಳಿವು ಕೈಯಲ್ಲೇ ಇರುತ್ತದೆ. ಮಗುವಿನ ಲಕ್ಷಣ ಇಂಥದ್ದು, ಅದಕ್ಕೆ ಹೊಂದುವ ಜೀನ್ ಯಾವುದು ಎಂದು ನೋಡಬಹುದು. ಇದಕ್ಕೆ ಮಾಡುವುದು ಎಕ್ಸೋಮ್ ಟೆಸ್ಟ್, ಅಂದರೆ ಹೆಚ್ಚುಕಮ್ಮಿ ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ಓದುವ ಟೆಸ್ಟ್. ದರ ಸುಮಾರು 20ರಿಂದ 35 ಸಾವಿರ. ರಿಪೋರ್ಟಿಗೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಎಲ್ಲರಲ್ಲೂ ಉತ್ತರ ಸಿಗುವುದಿಲ್ಲ. ಒಟ್ಟಾರೆ ನೋಡಿದರೆ ಮೂರರಲ್ಲಿ ಒಬ್ಬರಿಗೆ ಸಿಗುತ್ತದೆ ಅನ್ನಬಹುದು. ಸಂಬಂಧದ ಮದುವೆಯ ಮಕ್ಕಳಲ್ಲಿ ಸಿಗುವ ಸಾಧ್ಯತೆ ಸಾಮಾನ್ಯವಾಗಿ ಇನ್ನೂ ಜಾಸ್ತಿ.

ಮಗುವಿನಲ್ಲಿ ಬದಲಾವಣೆ ಸಿಕ್ಕಿದ ಮೇಲೆ ಅಪ್ಪ–ಅಮ್ಮನಿಗೆ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು, ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಮುಂದಿನ ಬಸಿರಿನಲ್ಲಿ ಭ್ರೂಣಕ್ಕೂ ಅದೊಂದನ್ನೇ ನೋಡುವುದು. ಮಗು ತೀರಿಕೊಂಡ ಮೇಲೆ, ಮುಂದಿನ ಬಸಿರು ಹತ್ತು ವಾರ ಆದ ಮೇಲೆ ಬಂದು ಏನಾದರೂ ಮಾಡಿ ಅಂದರೆ ಕೈ ಕಟ್ಟಿದಂತೆ ಆಗುತ್ತದೆ.

ಹಾಗಾಗಿ ಒಂದು ಕಷ್ಟದ ಮಾತು ಹೇಳಲೇಬೇಕು. ಮಗು ಐಸಿಯುನಲ್ಲಿದ್ದು, ಉಳಿಯುವುದು ಅನುಮಾನ, ಕಾರಣ ಗೊತ್ತಿಲ್ಲ ಎಂಬ ಪರಿಸ್ಥಿತಿಯಲ್ಲಿ ಮಗುವಿನ ಸ್ವಲ್ಪ ರಕ್ತದಿಂದ ಡಿಎನ್‌ಎ ತೆಗೆಸಿ ಲ್ಯಾಬಿನಲ್ಲಿ ಇಡಿಸಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಎರಡು ಮೂರು ಎಂಎಲ್ ಸಾಕು. ಎಕ್ಸೋಮ್‌ಗೆ ಆಗ ದುಡ್ಡು ಇಲ್ಲದಿದ್ದರೂ ಪರವಾಗಿಲ್ಲ, ಆಮೇಲೆ ಮಾಡಿಸಬಹುದು. ಆ ಹೊತ್ತಿನಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಅದಕ್ಕೇ ಹತ್ತಿರದವರು ಯಾರಾದರೂ ನೆನಪಿಟ್ಟುಕೊಂಡು ಡಾಕ್ಟರನ್ನು ಕೇಳಬೇಕು.

ಕ್ಯಾರಿಯರ್ ಪ್ಯಾನೆಲ್, ದಂಪತಿ ಎಕ್ಸೋಮ್

ಮನೆಯಲ್ಲಿ ಯಾರಿಗೂ ಏನೂ ಇಲ್ಲ, ಆದರೂ ಹತ್ತಿರದ ಸಂಬಂಧ. ಇಂಥವರಿಗೆ ಎರಡು ಆಯ್ಕೆ.

ಕ್ಯಾರಿಯರ್ ಪ್ಯಾನೆಲ್‌ನಲ್ಲಿ ಮೊದಲೇ ಆರಿಸಿಟ್ಟ ಕೆಲವು ನೂರರಿಂದ ಎರಡು ಸಾವಿರದಷ್ಟು ಜೀನ್‌ಗಳನ್ನು ನೋಡುತ್ತಾರೆ. ಇಬ್ಬರಿಗೂ ಸೇರಿ 15ರಿಂದ 30 ಸಾವಿರ ಆಗಬಹುದು. ದಂಪತಿ ಎಕ್ಸೋಮ್‌ನಲ್ಲಿ ಹೆಚ್ಚುಕಮ್ಮಿ ಎಲ್ಲ ಜೀನ್‌ಗಳನ್ನೂ ಓದುತ್ತಾರೆ. ದರವೂ ಅದಕ್ಕೆ ತಕ್ಕಂತೆ, 40 ಸಾವಿರದ ಮೇಲೆ.

ಮನೆಯಲ್ಲಿ ಕಾಯಿಲೆಯ ಕುರುಹೇ ಇಲ್ಲದಿದ್ದರೆ ನನ್ನ ಮತ ಪ್ಯಾನೆಲ್‌ಗೆ. ಕಾರಣ ದುಡ್ಡೊಂದೇ ಅಲ್ಲ. ಹೆಚ್ಚು ಓದಿದಷ್ಟೂ ಅರ್ಥವಾಗದ ಬದಲಾವಣೆಗಳು ಹೆಚ್ಚು ಸಿಗುತ್ತವೆ. ರಿಪೋರ್ಟಿನಲ್ಲಿ ಇವನ್ನು ವಿಯುಎಸ್ ಎಂದು ಬರೆಯುತ್ತಾರೆ. ಒಳ್ಳೆಯದೋ ಕೆಟ್ಟದ್ದೋ ಈಗ ಹೇಳಲಾಗದು ಎಂದರ್ಥ. ಇದನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ನಿದ್ದೆಗೆಡುವ ಜೋಡಿಗಳಿದ್ದಾರೆ. ವಿಯುಎಸ್ ಒಂದನ್ನೇ ನಂಬಿ ಬಸಿರಿನ ಬಗ್ಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವಂತಿಲ್ಲ. ನಮ್ಮ ಜನರ ಜೀನ್ ಮಾಹಿತಿ ಹೆಚ್ಚಿದಂತೆ ಈ ಗೊಂದಲ ಕಡಿಮೆಯಾಗಬೇಕು. ಬೆಂಗಳೂರಿನ ಐಐಎಸ್ಸಿಯ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10 ಸಾವಿರ ಭಾರತೀಯರ ಜೀನೋಮ್ ಓದಿದ್ದು ಇಂಥದ್ದಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನು ಮಗು ತೀರಿಹೋಗಿದೆ, ಡಿಎನ್‌ಎ ಇಟ್ಟಿಲ್ಲ, ಏನಾಗಿತ್ತೆಂದೂ ಗೊತ್ತಿಲ್ಲ ಅನ್ನುವವರಿಗೆ ದಂಪತಿ ಎಕ್ಸೋಮ್ ಸರಿಯಾದ ಆಯ್ಕೆ. ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿದೆಯಾ, ಅದು ಆ ಮಗುವಿನ ಲಕ್ಷಣಕ್ಕೆ ಹೊಂದುತ್ತದೆಯಾ ಎಂದು ಹಿಂದಿನಿಂದ ಮುಂದಕ್ಕೆ ಹುಡುಕುತ್ತಾರೆ. ಮಗುವಿನ ಆಸ್ಪತ್ರೆ ಫೈಲು, ಫೋಟೋ, ವಿಡಿಯೋ ಏನಿದ್ದರೂ ತೆಗೆದುಕೊಂಡು ಹೋಗಿ.

ಪ್ಯಾನೆಲ್ ಆರಿಸುವಾಗ ಲ್ಯಾಬಿಗೆ ಹಾಕಬೇಕಾದ ಪ್ರಶ್ನೆಗಳಿವೆ. ಪ್ರತಿ ಜೀನನ್ನು ಪೂರ್ತಿ ಓದುತ್ತೀರಾ ಅಥವಾ ಗೊತ್ತಿರುವ ಕೆಲವು ಬದಲಾವಣೆಗಳನ್ನಷ್ಟೇ ನೋಡುತ್ತೀರಾ? ಎರಡನೆಯ ರೀತಿಯದ್ದಾದರೆ, ಅದರಲ್ಲೂ ಬೇರೆ ದೇಶದವರಿಗಾಗಿ ಮಾಡಿದ ಪಟ್ಟಿಯಾದರೆ, ನಮ್ಮ ಕಡೆಯ ಬದಲಾವಣೆಗಳು ತಪ್ಪಿಹೋಗಬಹುದು. ಸಮುದಾಯಕ್ಕೊಂದು ವಿಶೇಷ ಇರುತ್ತದೆ. ಆರ್ಯವೈಶ್ಯರಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಯವರಿಗಿಂತ ಜಾಸ್ತಿ. ದಿನನಿತ್ಯದ ಬದುಕಿಗೆ ಏನೂ ತೊಂದರೆಯಿಲ್ಲ, ಆದರೆ ಆಪರೇಷನ್ ಸಮಯದಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಟ್ಟರೆ ಸ್ವಂತವಾಗಿ ಉಸಿರಾಡಲು ಗಂಟೆಗಟ್ಟಲೆ ಬೇಕಾಗಬಹುದು. ಗಂಡ–ಹೆಂಡತಿ ನೆಂಟರಲ್ಲದಿದ್ದರೂ ಒಂದೇ ಪಂಗಡದೊಳಗೆ ನೂರಾರು ವರ್ಷ ಮದುವೆಯಾದರೆ ಹೀಗಾಗುತ್ತದೆ.

ಎಸ್‌ಎಂಎ ಸೇರಿದೆಯಾ ಎಂದೂ ಕೇಳಿ. ಮಕ್ಕಳ ಸ್ನಾಯು ಸೋತುಹೋಗುವ ಈ ಕಾಯಿಲೆಯ ಒಂದು ಡೋಸ್ ಔಷಧಕ್ಕೆ 16 ಕೋಟಿ ಬೇಕು ಎಂದು ಕ್ರೌಡ್ ಫಂಡಿಂಗ್ ಪೋಸ್ಟರ್‌ಗಳಲ್ಲಿ ನೋಡಿರುತ್ತೀರಿ. ಇದಕ್ಕೆ ಕಾರಣವಾದ ಜೀನ್‌ಗೆ ತದ್ರೂಪಿನಂಥ ಇನ್ನೊಂದು ಜೀನ್ ಪಕ್ಕದಲ್ಲೇ ಇರುವುದರಿಂದ ಮಾಮೂಲಿ ಎಕ್ಸೋಮ್‌ನಲ್ಲಿ ಇದು ತಪ್ಪಿಹೋಗಬಹುದು. ಇದಕ್ಕೆ ಎಂಎಲ್‌ಪಿಎ ಎಂಬ ಬೇರೆ ಟೆಸ್ಟ್ ಇದೆ. ಅದೂ ನೂರಕ್ಕೆ ಐದರಷ್ಟು ಕ್ಯಾರಿಯರ್‌ಗಳನ್ನು ಬಿಟ್ಟುಬಿಡುತ್ತದೆ. ಫ್ರಜೈಲ್ ಎಕ್ಸ್ ಎಂಬ ಬುದ್ಧಿಮಾಂದ್ಯತೆಯ ಕಾಯಿಲೆಗೂ ಪ್ರತ್ಯೇಕ ಟೆಸ್ಟೇ ಬೇಕು. ಎಲ್ಲ ಜೀನ್ ಓದಿದ್ದೇವೆ ಎಂಬ ಮಾತಿಗೆ ಇಷ್ಟು ಅಪವಾದಗಳಿವೆ.

ಎನ್‌ಐಪಿಟಿ, ಡಬಲ್ ಮಾರ್ಕರ್, ಸ್ಕ್ಯಾನ್

ನಾದಿನಿಯ ಸಲಹೆಗೆ ಬರೋಣ. ಎನ್‌ಐಪಿಟಿ ಒಳ್ಳೆಯ ಟೆಸ್ಟ್. 10 ವಾರದ ಮೇಲೆ ತಾಯಿಯ ರಕ್ತದಲ್ಲಿ ತೇಲುವ ಮಾಸಿನ ಡಿಎನ್‌ಎ ನೋಡಿ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಹೆಚ್ಚೋ ಕಡಿಮೆಯೋ ಎಂದು ಹೇಳುತ್ತದೆ. ನೂರರಲ್ಲಿ 99ನ್ನು ಹಿಡಿಯುತ್ತದೆ. ಆದರೆ ಡೌನ್ ಸಿಂಡ್ರೋಮ್‌ಗೂ ಸಂಬಂಧದ ಮದುವೆಗೂ ನಂಟಿಲ್ಲ. ಅದು ತಾಯಿಯ ವಯಸ್ಸಿನ ಮೇಲೆ ಹೋಗುತ್ತದೆ. 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ನೂರರಲ್ಲಿ ಒಂದು. ಎನ್‌ಐಪಿಟಿ ಜೀನ್‌ಗಳ ಮೂಟೆಗಳು, ಅಂದರೆ ಕ್ರೋಮೋಸೋಮ್‌ಗಳು, ಎಷ್ಟಿವೆ ಎಂದು ಎಣಿಸುತ್ತದೆ, ಒಳಗಿನ ಅಕ್ಕಿಯಲ್ಲಿ ಕಲ್ಲಿದೆಯಾ ಎಂದು ನೋಡುವುದಿಲ್ಲ. ಥಲಸ್ಸೀಮಿಯಾ, ಎಸ್‌ಎಂಎ, ಕಿವುಡುತನ ಯಾವುದನ್ನೂ ಅದು ಹೇಳುವುದಿಲ್ಲ. ಡಬಲ್ ಮಾರ್ಕರ್ ಎಂಬ ತಾಯಿಯ ರಕ್ತಪರೀಕ್ಷೆಯ ಕಥೆಯೂ ಅಷ್ಟೇ.

ಹೀಗಾಗಿ "ಎನ್‌ಐಪಿಟಿ ನಾರ್ಮಲ್ ಬಂತು, ಇನ್ನು ಜೆನೆಟಿಕ್ ತೊಂದರೆ ಇಲ್ಲ" ಎಂದು ನಿರಾಳವಾಗುವುದು ತಪ್ಪು. 15 ಸಾವಿರ ಮಾತ್ರ ಇದೆ, ವಯಸ್ಸು 26, ಸೋದರಮಾವನ ಸಂಬಂಧ ಎಂದರೆ ಆ ದುಡ್ಡನ್ನು ಎನ್‌ಐಪಿಟಿಗೆ ಹಾಕುವುದಕ್ಕಿಂತ ಕ್ಯಾರಿಯರ್ ಪ್ಯಾನೆಲ್‌ಗೆ ಹಾಕಿ. ಡೌನ್ ಸಿಂಡ್ರೋಮ್‌ಗೆ ಎನ್‌ಟಿ ಸ್ಕ್ಯಾನ್ (ಭ್ರೂಣದ ಕತ್ತಿನ ಹಿಂಭಾಗ ನೋಡುವ ಸ್ಕ್ಯಾನ್) ಮತ್ತು ಡಬಲ್ ಮಾರ್ಕರ್ ಸೇರಿ ಎರಡು ಮೂರು ಸಾವಿರದ ಆಸುಪಾಸಿನಲ್ಲಿ ಶೇ. 85–90ನ್ನು ಹಿಡಿಯುತ್ತವೆ. ವಯಸ್ಸು 38 ಆದರೆ ನನ್ನ ಸಲಹೆ ಬೇರೆ, ಎರಡೂ ಬೇಕು.

18–20 ವಾರದ ಟಿಫಾ ಸ್ಕ್ಯಾನನ್ನು ಮಾತ್ರ ಬಿಡಬೇಡಿ. ಹೃದಯ, ಬೆನ್ನುಹುರಿ, ಕಿಡ್ನಿಯ ರಚನೆ ಅದರಲ್ಲಿ ಕಾಣುತ್ತದೆ. ಸಂಬಂಧದ ಮದುವೆಯಲ್ಲಿ ಹೃದಯದ ದೋಷ ಸ್ವಲ್ಪ ಜಾಸ್ತಿ ಇರುವುದರಿಂದ ಡಾಕ್ಟರು ಫೀಟಲ್ ಎಕೋ (ಭ್ರೂಣದ ಹೃದಯದ ಸ್ಕ್ಯಾನ್) ಬರೆದರೆ ಅದನ್ನೂ ಮಾಡಿಸಿ. ಸ್ಕ್ಯಾನ್ ನೋಡುವುದು ಆಕಾರವನ್ನು. ರಕ್ತದ ಕಾಯಿಲೆ, ಮೆಟಬಾಲಿಕ್ ಕಾಯಿಲೆ ಇರುವ ಮಗು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಸ್ಕ್ಯಾನ್ ಸಾಕು ಎಂಬ ಮಾತು ಅರ್ಧ ಸತ್ಯ.

ಇಬ್ಬರೂ ಕ್ಯಾರಿಯರ್ ಎಂದು ಬಂದರೆ?

ಇಲ್ಲಿ ಮೂರು ದಾರಿ.

ಮಾಮೂಲಿಯಾಗಿ ಬಸಿರಾಗಿ, ಭ್ರೂಣವನ್ನು ಪರೀಕ್ಷಿಸುವುದು ಮೊದಲನೆಯದು. 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆಯುವುದು ಸಿವಿಎಸ್. 15–16 ವಾರದ ಮೇಲೆ ಮಗುವಿನ ಸುತ್ತ ಇರುವ ನೀರು ತೆಗೆಯುವುದು ಆಮ್ನಿಯೋಸೆಂಟೆಸಿಸ್. ಎರಡರಲ್ಲೂ ಹೊಟ್ಟೆಗೆ ಸೂಜಿ ಹಾಕುತ್ತಾರೆ. ಬಸಿರು ಹೋಗಿಬಿಡುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಪಳಗಿದ ಕೈಯಲ್ಲಿ ಆ ಅಪಾಯ 200ರಲ್ಲಿ ಒಂದಕ್ಕಿಂತ ಕಡಿಮೆ. ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು ಇರುವಾಗ ಯಾವ ಕಡೆ ತೂಕ ಜಾಸ್ತಿ ಎಂದು ನೀವೇ ನೋಡಿ. ಸಿವಿಎಸ್‌ನ ಲಾಭ ಸಮಯ. ರಿಪೋರ್ಟ್ ಒಂದರಿಂದ ಮೂರು ವಾರ ಹಿಡಿದರೂ ನಿರ್ಧಾರಕ್ಕೆ ವೇಳೆ ಇರುತ್ತದೆ. 2021ರ ತಿದ್ದುಪಡಿಯ ನಂತರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು. ಭ್ರೂಣಕ್ಕೆ ಗಂಭೀರ ತೊಂದರೆ ಇದ್ದರೆ 24 ವಾರದವರೆಗೆ ಇಬ್ಬರು ಡಾಕ್ಟರ ಒಪ್ಪಿಗೆ ಬೇಕು. ಅದಕ್ಕೂ ಮೀರಿದರೆ ಮೆಡಿಕಲ್ ಬೋರ್ಡ್ ತೀರ್ಮಾನ. ಮಗು ಗಂಡೋ ಹೆಣ್ಣೋ ಎಂದು ಯಾವ ಟೆಸ್ಟಿನಲ್ಲೂ ಕೇಳಬೇಡಿ. 1994ರ ಕಾಯಿದೆಯ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ.

ಎರಡನೆಯದು ಐವಿಎಫ್ ಮಾಡಿ, ಕಾಯಿಲೆ ಇಲ್ಲದ ಭ್ರೂಣವನ್ನೇ ಆರಿಸಿ ಗರ್ಭಕ್ಕೆ ಸೇರಿಸುವುದು. ಪಿಜಿಟಿ–ಎಂ ಅನ್ನುತ್ತಾರೆ. ಗರ್ಭಪಾತ ಬೇಡವೇ ಬೇಡ ಅನ್ನುವವರಿಗೆ, ಈಗಾಗಲೇ ಎರಡು ಸಲ ಬಸಿರು ತೆಗೆಸಿ ಬಳಲಿದವರಿಗೆ ಇದು ದೊಡ್ಡ ಸಮಾಧಾನ. ಆದರೆ ಖರ್ಚು ಲಕ್ಷಗಳಲ್ಲಿ, ಮತ್ತು ಒಂದೇ ಸಲಕ್ಕೆ ಬಸಿರು ನಿಲ್ಲುವ ಗ್ಯಾರಂಟಿ ಇಲ್ಲ. ಆಮೇಲೂ ಖಚಿತಪಡಿಸಿಕೊಳ್ಳಲು ಸಿವಿಎಸ್ ಅಥವಾ ಆಮ್ನಿಯೋ ಮಾಡಿಸಿ ಎಂದೇ ಹೇಳುತ್ತಾರೆ. ಸಾಲ ಮಾಡಿ ಮಾಡಿಸುವಂಥದ್ದಲ್ಲ ಎಂದು ನನ್ನ ಅನಿಸಿಕೆ. ಸಿವಿಎಸ್ ದಾರಿ ಅದರ ಹತ್ತನೇ ಒಂದು ಪಾಲು ಖರ್ಚಿನಲ್ಲಿ ಆಗುತ್ತದೆ.

ಬಸಿರಿನಲ್ಲಿ ಏನೂ ಮಾಡಿಸದೆ, ಹುಟ್ಟಿದ ಮೇಲೆ ಮಗುವನ್ನು ಪರೀಕ್ಷಿಸುವುದು ಮೂರನೆಯದು. ಇದು ಹಿಂಜರಿದವರ ದಾರಿ ಎಂದು ನಾನು ಹೇಳುವುದಿಲ್ಲ. ಎರಡು ಮೂರು ದಿನದ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಮಾಡುವ ಟೆಸ್ಟಿನಲ್ಲಿ ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ, ಹಾಲಿನ ಸಕ್ಕರೆ ಮೈಗೆ ಒಗ್ಗದ ಗ್ಯಾಲಕ್ಟೋಸೀಮಿಯಾದಂಥ ಕಾಯಿಲೆಗಳು ಸಿಗುತ್ತವೆ. ಬೇಗ ಸಿಕ್ಕರೆ ಒಂದು ಮಾತ್ರೆಯಲ್ಲೋ ಹಾಲು ಬದಲಿಸುವುದರಲ್ಲೋ ಮಗುವಿನ ಬುದ್ಧಿ, ಜೀವ ಉಳಿಯುತ್ತದೆ. ಕಿವಿ ಪರೀಕ್ಷೆಯನ್ನಂತೂ ಸಂಬಂಧದ ಮದುವೆಯ ಪ್ರತಿ ಮಗುವಿಗೂ ಮಾಡಿಸಲೇಬೇಕು. ಹುಟ್ಟು ಕಿವುಡುತನ ಇಂಥ ಮನೆಗಳಲ್ಲಿ ಎದ್ದು ಕಾಣುವಷ್ಟು ಜಾಸ್ತಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ. ಆರು ತಿಂಗಳೊಳಗೆ ಗೊತ್ತಾಗಿ ಹಿಯರಿಂಗ್ ಏಡ್ ಹಾಕಿದ ಮಗುವಿಗೂ ಮೂರು ವರ್ಷಕ್ಕೆ ಗೊತ್ತಾದ ಮಗುವಿಗೂ ಮಾತು ಕಲಿಯುವುದರಲ್ಲಿ ಅಜಗಜಾಂತರ.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿರುವುದು ಐದು ಸಾವಿರವೇ ಆದರೆ: ಕುಟುಂಬದ ನಕ್ಷೆ, ಎಚ್‌ಪಿಎಲ್‌ಸಿ, ಆಮೇಲೆ ಟಿಫಾ. ಹುಟ್ಟಿದ ಮೇಲೆ ಹಿಮ್ಮಡಿ ರಕ್ತ, ಕಿವಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಾಡಿಸಿದರೆ ಇದರಲ್ಲೂ ಉಳಿಯುತ್ತದೆ. ಇದು ಕಡಿಮೆ ಎಂದು ಬೇಜಾರು ಮಾಡಿಕೊಳ್ಳಬೇಡಿ.

30 ಸಾವಿರದವರೆಗೆ ಆಗುತ್ತದೆ, ಇನ್ನೂ ಬಸಿರಾಗಿಲ್ಲ, ಮನೆಯಲ್ಲಿ ಕಾಯಿಲೆ ಇಲ್ಲ ಅಂದರೆ: ಮೇಲಿನದ್ದರ ಜೊತೆ ಎಸ್‌ಎಂಎ ಸೇರಿದ ಕ್ಯಾರಿಯರ್ ಪ್ಯಾನೆಲ್, ಇಬ್ಬರಿಗೂ ಒಟ್ಟಿಗೆ.

ಕಾಯಿಲೆಯ ಮಗು ಇದ್ದರೆ ಇರುವ ದುಡ್ಡನ್ನೆಲ್ಲ ಆ ಮಗುವಿನ ಟೆಸ್ಟಿಗೆ ಹಾಕಿ. ಉತ್ತರ ಸಿಗುವ ತನಕ ಮುಂದಿನ ಬಸಿರನ್ನು ಸಾಧ್ಯವಾದರೆ ಮುಂದೂಡಿ.

ಈಗಾಗಲೇ 12–14 ವಾರ ಆಗಿದ್ದರೆ ಎಚ್‌ಪಿಎಲ್‌ಸಿ ಇವತ್ತೇ, ಇಬ್ಬರಿಗೂ. ಪ್ಯಾನೆಲ್ ಬೇಕೆಂದರೆ ರಿಪೋರ್ಟ್ ಮೂರು ವಾರದಲ್ಲಿ ಕೊಡುತ್ತೀರಾ ಎಂದು ಲ್ಯಾಬಿನಿಂದ ಬರಹದಲ್ಲಿ ಕೇಳಿಕೊಳ್ಳಿ. ಆರು ವಾರ ಅಂದರೆ ಆ ದುಡ್ಡನ್ನು ಒಳ್ಳೆಯ ಫೀಟಲ್ ಮೆಡಿಸಿನ್ (ಭ್ರೂಣದ ಆರೋಗ್ಯದ) ಡಾಕ್ಟರ ಸ್ಕ್ಯಾನಿಗೆ ಮತ್ತು ಮಗು ಹುಟ್ಟಿದ ಮೇಲಿನ ಪರೀಕ್ಷೆಗಳಿಗೆ ಇಟ್ಟುಕೊಳ್ಳುವುದು ವಾಸಿ.

ಯಾವ ಟೆಸ್ಟೇ ಆಗಲಿ, ಮಾಡಿಸುವ ಮುಂಚೆ ಒಂದು ಸಲ, ರಿಪೋರ್ಟ್ ಬಂದ ಮೇಲೆ ಒಂದು ಸಲ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ರಿಪೋರ್ಟನ್ನು ವಾಟ್ಸ್ಯಾಪ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಅದರಲ್ಲಿ ಜೀನ್ ಹೆಸರು ಮತ್ತು ಬದಲಾವಣೆಯ ಪೂರ್ತಿ ಕೋಡ್ ಇದೆಯೇ ನೋಡಿ. ಕ್ಯಾರಿಯರ್ ಎಂದು ಬಂದರೆ ಅಣ್ಣ–ತಮ್ಮ, ಅಕ್ಕ–ತಂಗಿಯರಿಗೂ ಹೇಳಿ. ಅವರಲ್ಲಿ ಒಬ್ಬೊಬ್ಬರೂ ಕ್ಯಾರಿಯರ್ ಆಗಿರುವ ಸಾಧ್ಯತೆ ಕನಿಷ್ಠ ಅರ್ಧದಷ್ಟು. ನಿಮ್ಮ ರಿಪೋರ್ಟಿನ ಪ್ರತಿ ಕೈಯಲ್ಲಿದ್ದರೆ ಅವರ ಟೆಸ್ಟ್ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಮನೆಯಲ್ಲಿ ಇನ್ನೊಂದು ಸೋದರಿಕೆಯ ಮಾತುಕತೆ ನಡೆಯುತ್ತಿದ್ದರೆ ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳಿ.